ಸವೆಯುವ ಸೋಪು, ಅಲುಗದ ತಕ್ಕಡಿ

ಹಣದುಬ್ಬರದ ಅಧ್ಯಯನವನ್ನು ಕೋಷ್ಟಕಗಳಿಂದ ಎಬ್ಬಿಸಿ ಅಂಗಡಿಬೀದಿಯಲ್ಲಿ ನಡೆದಾಡಿಸಿದವರ ಪಂಕ್ತಿಯಲ್ಲಿ, ಬೆಲೆ ಸೂಚ್ಯಂಕ ವಿಭಾಗದ ಮುಖ್ಯಸ್ಥೆಯಾಗಿ ಈಗ ನಿವೃತ್ತರಾಗುತ್ತಿರುವ ತಕ್ಕಡಿ ಅಕ್ಕನವರದು ಮೊದಲ ಮಣೆ. ಚೀಲದಲ್ಲಿ ಸದಾ ಹಿತ್ತಾಳೆಯ ಪುಟ್ಟ ತಕ್ಕಡಿ ಇರುತ್ತಿದ್ದುದರಿಂದ ಅಂಗಡಿಯವರೇ ಇಟ್ಟ ಹೆಸರದು.

ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವರೊಂದು ಪದ್ಧತಿ ಹಿಡಿದರು: ಬೆಲೆ ಕೇಳಿ ಬರೆದುಕೊಳ್ಳುವುದಲ್ಲ, ಕೊಂಡು ತರುವುದು. "ಕೇಳೋರಿಗೆ ಒಂದು ಬೆಲೆ, ಕೊಳ್ಳೋರಿಗೆ ಒಂದು ಬೆಲೆ ಕಣಪ್ಪ," ಎನ್ನುತ್ತಿದ್ದರು. ತಂದದ್ದರಲ್ಲಿ ಒಂದೊಂದನ್ನು ಮಾದರಿಯೆಂದು ಕಪಾಟಿನಲ್ಲಿ ಇಡುತ್ತಿದ್ದರಿಂದ ವಿಭಾಗದ ಕಡತಗಳೆಲ್ಲ ಬಟ್ಟೆಸೋಪಿನ ವಾಸನೆ ಹೊಡೆಯುತ್ತಿದ್ದವು. ಸಹಾಯಕಿಯೊಬ್ಬಳು ಬಾಣಂತನ ಮುಗಿಸಿ ಬಂದಾಗ ಅವಳ ಪಾಲಿನ ಬಿಸಿಲಿನ ಸುತ್ತಾಟವನ್ನೂ ತಾವೇ ವಹಿಸಿಕೊಂಡರು. ಅದನ್ನು ಅವರು ಯಾರಿಗೂ ಹೇಳಲಿಲ್ಲ; ಊರಿಗೆಲ್ಲ ಹೇಳಿದವಳು ಆ ಸಹಾಯಕಿಯೇ.

ನಮ್ಮ ಹಣದ ಮೌಲ್ಯ ಕುಸಿದ ವರ್ಷ ಈ ಪದ್ಧತಿಗೆ ಒರೆಗಲ್ಲಾಯಿತು. ಹೊರದೇಶದ ಹಣದೆದುರು ನಮ್ಮದು ಸೊರಗಿದಾಗ, ಹಡಗಿನಲ್ಲಿ ಬರುವ ಎಣ್ಣೆ ತುಟ್ಟಿಯಾಯಿತು. ಆ ಎಣ್ಣೆಯಿಂದಾಗುವ ಸೋಪು ಮಾತ್ರ ಹಳೆಯ ಬೆಲೆಗೇ ಸಿಗುತ್ತಿತ್ತು. ವಿಭಾಗದವರು 'ಬದಲಾವಣೆ ಇಲ್ಲ' ಎಂದು ಬರೆದುಬಿಟ್ಟರು. ಗಿರಣಿ ಕಾರ್ಮಿಕರ ತುಟ್ಟಿಭತ್ಯೆ ನಿಂತಿದ್ದುದು ಆ ಅಂಕಿಯ ಮೇಲೆಯೇ. ಮನಸ್ಸು ಒಪ್ಪದೆ ಅಕ್ಕನವರು ಅಂಗಡಿಯವನ ಮುಂದೆ ಹೋಗಿ ನಿಂತರು.

"ಏನಯ್ಯಾ, ನಿನ್ನ ಸೋಪು ಉಪವಾಸ ಹಿಡಿದಿದೆಯಾ?"

"ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಕ್ಕಾ. ಎಣ್ಣೆ ಏರ್ತು, ಕಂಪನಿಯೋರು ಸೋಪು ಕೆತ್ತಿದ್ರು. ಬೆಲೆ ಏರಿಸಿದ್ರೆ ಜನ ನನ್ನೇ ಕೆತ್ತುತಾರೆ."

ಮರುದಿನ ನಿರ್ದೇಶಕರ ಮೇಜಿನ ಮೇಲೆ ತಕ್ಕಡಿ ಕೂತಿತು. ಅಳತೆಯಲ್ಲೂ ದೇವರಿದ್ದಾನೆಂದು ನಂಬಿದ ಅಕ್ಕನವರು ಕ್ಷಣಕಾಲ ಕಣ್ಣು ಮುಚ್ಚಿ, ಒಂದು ತಟ್ಟೆಗೆ ಕಪಾಟಿನ ಹಳೆಯ ಸೋಪು, ಇನ್ನೊಂದಕ್ಕೆ ಹೊಸದನ್ನು ಇಟ್ಟರು. ಇಷ್ಟು ದಿನ ಕಪಾಟಿನಲ್ಲಿ ಒಣಗಿದ್ದರೂ ಹಳೆಯದರ ತಟ್ಟೆ ಮೇಜಿಗೆ ತಾಗಿತು.

"ಬೆಲೆ ಏರಿಲ್ವಲ್ಲಮ್ಮ?" ಎಂದರು ನಿರ್ದೇಶಕರು.

"ಬೆಲೆ ಏರಿಲ್ಲ ಸಾರ್, ಸೋಪು ಇಳಿದಿದೆ. ಅಂಗಿ ಕೊಳೆ ಅಷ್ಟೇ ಇದೆ."

"ಮೇಲಿನೋರು ಒಪ್ಪಬೇಕಲ್ಲ?"

"ಒಪ್ಪದಿದ್ರೆ ಅವರ ಮನೆ ಬಚ್ಚಲಲ್ಲೇ ತೂಗೋಣ."

ಅಂಕಿ ತಿದ್ದಲ್ಪಟ್ಟಿತು, ಕಾರ್ಮಿಕರಿಗೆ ಭತ್ಯೆ ದಕ್ಕಿತು. ಮುಂದೆ ನಮ್ಮ ಹಣ ಚೇತರಿಸಿಕೊಂಡರೂ ಸೋಪು ಮೈತುಂಬಿಕೊಳ್ಳಲಿಲ್ಲವೆಂಬುದನ್ನೂ ಅವರು ತೂಗಿಯೇ ತೋರಿಸಿದರು. ಹಣ ಕುಸಿದಾಗ ಓಡೋಡಿ ಬರುವ ಹೊರೆ, ಹಣ ಚೇತರಿಸಿಕೊಂಡಾಗ ಹೊರಡಲು ಮೀನಮೇಷ ಎಣಿಸುತ್ತದೆಂಬ ಅವರ ಮಾತು ಇಂದು ವಿಭಾಗದ ಮೊದಲ ಪಾಠ.

ಬೀಳ್ಕೊಡುಗೆಯ ದಿನ ಕಿರಿಯರು ಆ ತಕ್ಕಡಿಯನ್ನು ಕಚೇರಿಗೆ ಬಿಟ್ಟುಹೋಗಬೇಕೆಂದು ಬೇಡಿಕೊಂಡರು. ಅಕ್ಕನವರು ಅದನ್ನು ಚೀಲಕ್ಕೆ ಹಾಕಿಕೊಂಡು, "ನೀವು ಹೊಸದು ಕೊಂಡ್ಕೊಳ್ಳಿ. ನಾನೂ ಸಂತೆಗೆ ಹೋಗ್ತೀನಿ. ನಿಮ್ಮ ಅಂಕಿ ತಪ್ಪಿದ್ರೆ ಬಂದು ಕೇಳ್ತೀನಿ," ಎಂದರು.

ಅವರ ಕೈ ನಡುಗದಿರಲಿ, ಆಯುಸ್ಸು ತುಂಬಿ ಬರಲಿ. ತಪ್ಪು ಕಂಡಾಗಲೆಲ್ಲ ಬಂದು ಕೇಳಲಿ. ಅವರ ಕುರ್ಚಿ ಬಾಗಿಲ ಪಕ್ಕದಲ್ಲೇ ಇರುತ್ತದೆ.