ಎರಡು ಬಾಗಿಲಿನ ಕಾರು, ನಡುಸಾಲಿನ ಸೀಟು

ಮದುವೆಯಾದ ಹೊಸದರಲ್ಲಿ ನಮ್ಮವರ ಬಳಿ ಎರಡೇ ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರಿತ್ತು. ಚಾಮರಾಜಪೇಟೆಯ ಗ್ಯಾರೇಜೊಂದರಲ್ಲಿ ಧೂಳು ಹಿಡಿದು ನಿಂತಿದ್ದನ್ನು ತಂದು, ರಜೆಯ ದಿನಗಳಲ್ಲೆಲ್ಲ ಅದರ ಕೆಳಗೆ ಮಲಗಿ ಓಡುವ ಹಾಗೆ ಮಾಡಿದ್ದರು. ಸೀಟು ಎಷ್ಟು ತಗ್ಗೆಂದರೆ ಚಾಪೆ ಹಾಕಿಕೊಂಡು ನೆಲದ ಮೇಲೆ ಕೂತಂತೆ. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಅತ್ತೆ ಒಂದೇ ಸಲ ಹತ್ತಿದ್ದು. ಇಳಿಯುವಷ್ಟರಲ್ಲಿ ಸಾಕಾಗಿ, "ಇದು ಕಾರಲ್ಲ ಕಣೋ, ಹಪ್ಪಳದ ಡಬ್ಬ. ನೀವಿಬ್ರೇ ತಿರುಗಿ," ಎಂದರು.

ಹಾಗಾಗಿ ಆ ಕಾರು ನಮ್ಮಿಬ್ಬರದೇ ಆಯಿತು. ಶಂಕರಪುರದ ನಮ್ಮ ಮನೆಯಿಂದ ಗಾಂಧಿಬಜಾರ್ ನಡೆದೇ ಹೋಗುವಷ್ಟು ಹತ್ತಿರ. ಭಾನುವಾರ ಸಂಜೆ ಹೂವು ತರುವ ನೆಪದಲ್ಲಿ ನಾವು ಲಾಲ್‌ಬಾಗ್ ಸುತ್ತಿಕೊಂಡು ಹೋಗುತ್ತಿದ್ದೆವು. ಗೇರ್ ಬದಲಿಸುವಾಗ ಅವರ ಕೈ ನನ್ನ ಸೀರೆಗೆ ತಾಗುತ್ತಿತ್ತು. ಜೋರಾಗಿ ಓಡಿಸುತ್ತಿದ್ದರು. ನನಗೆ ಒಮ್ಮೆಯೂ ಭಯವಾಗಲಿಲ್ಲ.

ಎರಡನೆಯ ಮಗುವಾಯಿತು, ಅತ್ತೆಗೆ ಮಂಡಿನೋವು ಬಂತು. "ಎಲ್ಲರೂ ಕೂರೋ ಗಾಡಿ ತಗೊಳ್ಳೋಣ ರೀ," ಎಂದವಳು ನಾನೇ. ಅವರು ಹೊರಗೆ ನಿಂತಿದ್ದ ಕಾರಿನ ಕಡೆ ಒಮ್ಮೆ ನೋಡಿ, "ಆಯ್ತು" ಎಂದರು. ಆ ನೋಟ ನನ್ನ ಮನಸ್ಸಿನಲ್ಲೇ ಉಳಿಯಿತು.

ಹೊಸ ವ್ಯಾನಿನಲ್ಲಿ ಮುಂದಿನ ಸೀಟು ಅತ್ತೆಯದು. ಹಿರಿಯರನ್ನು ಹಿಂದೆ ಕೂರಿಸುವ ಯೋಚನೆಯೇ ನಮ್ಮ ಮನೆಯಲ್ಲಿ ಯಾರಿಗೂ ಬರುವಂಥದ್ದಲ್ಲ. ನಾನು ಮಕ್ಕಳೊಂದಿಗೆ ನಡುಸಾಲಿನಲ್ಲಿ. ಅಲ್ಲಿ ಕೂತರೆ ನನಗೆ ಹೊಟ್ಟೆ ತೊಳಸುತ್ತಿತ್ತು. ಯಾರಿಗೂ ಹೇಳದೆ ಕಣ್ಣು ಮುಚ್ಚಿ ಕಿಟಕಿಗೆ ಒರಗುತ್ತಿದ್ದೆ. ಅವರೋ ವ್ಯಾನನ್ನು ಎತ್ತಿನ ಗಾಡಿಯ ಹಾಗೆ ಓಡಿಸುತ್ತಿದ್ದರು. ಹಂಪ್ ಬಂದರಂತೂ ನಿಲ್ಲಿಸಿಯೇಬಿಟ್ಟರೇನೋ ಎನ್ನುವಷ್ಟು ನಿಧಾನ. ಈ ಗಾಡಿ ಅವರಿಗೆ ಇಷ್ಟವಿಲ್ಲ, ಆ ಕಾರು ಮಾರಿಸಿದ ಬೇಸರ ಇನ್ನೂ ಹೋಗಿಲ್ಲ ಎಂದುಕೊಂಡೆ. ಕೇಳಲು ಧೈರ್ಯವಾಗಲಿಲ್ಲ. ಹಾಗೇ ವರ್ಷಗಳು ಕಳೆದವು.

ಅವರು ಹೋದ ಮೇಲೆ ವ್ಯಾನ್ ಮನೆ ಮುಂದೆ ನಿಂತೇ ಇತ್ತು. ವರ್ಷದ ಕಾರ್ಯ ಮುಗಿದ ವಾರ, ಆಗಷ್ಟೇ ಡ್ರೈವಿಂಗ್ ಕಲಿತಿದ್ದ ಮಗಳು ಬ್ಯಾಟರಿ ಚಾರ್ಜ್ ಮಾಡಿಸಿ, ನಮ್ಮನ್ನು ಗವಿಪುರದ ದೇವಸ್ಥಾನಕ್ಕೆ ಕರೆದುಕೊಂಡು ಹೊರಟಳು. ಸ್ಟೇರಿಂಗ್ ಮುಂದೆ ಕೂತವಳೇ ಕನ್ನಡಿ ನೋಡಿ, "ಇದೇನಮ್ಮ, ಹಿಂದಿನ ರೋಡೇ ಕಾಣಲ್ಲ. ನೀನೊಬ್ಳೇ ಕಾಣ್ತೀಯ," ಎಂದಳು.

ಅತ್ತೆ ಹಿಂದಿರುಗಿ ನೋಡದೆ ಹೇಳಿದರು: "ನಿಮ್ಮಪ್ಪ ಹಾಗೇ ಇಟ್ಕೋತಿದ್ದ. ನಾನು 'ರೋಡ್ ನೋಡ್ಕೊಂಡು ಓಡ್ಸೋ' ಅಂದ್ರೆ, 'ಅವಳಿಗೆ ಹಿಂದೆ ಕೂತ್ರೆ ಆಗಲ್ಲ ಕಣಮ್ಮ' ಅಂತ ಮೆಲ್ಲಗೆ ಅಂತಿದ್ದ." ಆಮೇಲೆ ನನಗೆ, "ನಾನು ಆವಾಗ್ಲೇ ಸೀಟು ಬಿಡ್ಬೇಕಿತ್ತು. ಈಗ್ಲಾದ್ರೂ ಮುಂದೆ ಬಾ," ಎಂದರು.

"ಬೇಡ ಅತ್ತೆ. ಇಲ್ಲೇ ಇರ್ತೀನಿ."

ಮಗಳು ಕೈ ಎತ್ತಿ ಕನ್ನಡಿಯನ್ನು ರಸ್ತೆಯ ಕಡೆಗೆ ತಿರುಗಿಸಿದಳು. ತಿರುಗಿಸಲೇಬೇಕಿತ್ತು. ಬೀದಿಯ ಕೊನೆಯ ಹಂಪ್ ಹತ್ತಿರ ಬಂತು. ನಾನು ಎಂದಿನಂತೆ ಕಣ್ಣು ಮುಚ್ಚಿ, ಗಾಡಿ ನಿಧಾನವಾಗುವುದನ್ನು ಕಾದೆ.