ಕುಟ್ಟಾಣಿ, ಗುಳ್ಳೆ ಮತ್ತು ನಮ್ಮ ಹಲ್ಲಿನ ಡಾಕ್ಟ್ರ ಗುಮಾನಿ

ಮೊನ್ನೆ ಕಪಾಟಿನ ಮೂಲೆಯಿಂದ ನನ್ನ ಹೆಂಡತಿಯ ಅಜ್ಜನ ಕುಟ್ಟಾಣಿ ಹೊರಬಂತು. ಹಲ್ಲು ಸಡಿಲಾದವರು ಎಲೆಅಡಿಕೆ ಕುಟ್ಟಿಕೊಳ್ಳುವ ಹಿತ್ತಾಳೆಯ ಪುಟ್ಟ ಒರಳು. ಮೂಗಿಗೆ ಹಿಡಿದೆ. ಸುಣ್ಣ, ಹೊಗೆಸೊಪ್ಪು, ಹಿತ್ತಾಳೆ ಎಲ್ಲ ಬೆರೆತ ಹಳೆಯ ವಾಸನೆ…

ದಂತವೈದ್ಯಕೀಯ ಓದುತ್ತಿರುವ ಮೊಮ್ಮಗಳು ಪಕ್ಕದಲ್ಲಿದ್ದಳು. "ಇದರಲ್ಲಿ ಕುಟ್ಟಿ ಎಲ್ಲರೂ ಹಂಚಿಕೊಳ್ತಿದ್ರಾ ಅಜ್ಜ? ಒಸಡಿನ ಹಳೇ ಉರಿಯೂತದಲ್ಲಿ ವೈರಸ್ಸಿನ ಪಾಲೂ ಇರಬಹುದು ಅಂತ ಪಾಠ ಆಯ್ತು ನಮಗೆ. ಖಚಿತ ಇಲ್ಲ, ಸಂಶಯ" ಎಂದಳು. ಅವಳಿಗೆ ಅದು ಪರೀಕ್ಷೆಗೆ ಬರಬಹುದಾದ ಒಂದು ಪ್ರಶ್ನೆ. ನನಗೋ ಹಿಂದೊಮ್ಮೆ ಕೇಳಿದ್ದ ಮಾತು.

ಅರವತ್ತರ ದಶಕದ ಆರಂಭ. ಬಂಟ್ವಾಳದಲ್ಲಿ ನಾನು ಶಾಲಾ ಮಾಸ್ಟ್ರು. ನನಗೆ ಮದುವೆಯ ವಯಸ್ಸು. ಹಲ್ಲುಗಳು ಮಾತ್ರ ವಾನಪ್ರಸ್ಥಕ್ಕೆ ಹೊರಟಿದ್ದವು. ಒಸಡು ಊದಿ ರಕ್ತ ಒಸರುತ್ತಿತ್ತು, ವಾಸಿಯಾಯಿತೆನ್ನುವಷ್ಟರಲ್ಲಿ ಮತ್ತೆ ಊದುತ್ತಿತ್ತು. ಮಂಗಳೂರಿನ ವೈದ್ಯರೊಬ್ಬರು ಇಣುಕಿ ನೋಡಿ, ಎಲ್ಲವನ್ನೂ ಕಿತ್ತು ಕಟ್ಟಿಸಿದ ಹಲ್ಲು ಇಡುವುದೇ ದಾರಿ ಎಂದು ತೀರ್ಪಿತ್ತರು. ಮೇಲ್ಮನವಿಗೆಂದು ನಾನು ನಮ್ಮ ಪೇಟೆಯ ಹಲ್ಲಿನ ಡಾಕ್ಟ್ರ ಮಾಳಿಗೆ ಹತ್ತಿದೆ.

ಪೇಟೆಯಲ್ಲಿ ಅವರೆದುರು ಜನ ತುಟಿ ಬಿಗಿದೇ ನಗುತ್ತಿದ್ದರು. ಹಲ್ಲು ಕಂಡರೆ ಅವರು ನಡುದಾರಿಯಲ್ಲೇ ನಿಲ್ಲಿಸಿ ತಪಾಸಣೆಗೆ ತೊಡಗುವವರು. ಅಂದು ನನ್ನ ಬಾಯೊಳಗೆ ಕನ್ನಡಿ ಇಟ್ಟು, ನಾನು ಉತ್ತರ ಕೊಡಲಾರೆನೆಂಬುದು ಖಾತ್ರಿಯಾದ ಮೇಲೆ ಮಾತು ಶುರುಮಾಡಿದರು.

"ಬ್ಯಾಕ್ಟೀರಿಯಾ ಕಳ್ಳ, ಒಪ್ಪುವ. ಆದರೆ ಒಳಗಿಂದ ಅಗಳಿ ತೆಗೆದುಕೊಟ್ಟವ ಯಾರು ಮಾಸ್ಟ್ರೇ? ನನಗೆ ವೈರಸ್ಸಿನ ಮೇಲೆ ಗುಮಾನಿ ಉಂಟು. ತುಟಿಯಲ್ಲಿ ಜ್ವರದ ಗುಳ್ಳೆ ಎಬ್ಬಿಸ್ತದಲ್ಲ, ಆ ಜಾತಿಯದ್ದು. ಅದು ಒಸಡಿನ ಕಾವಲು ಸಡಿಲ ಮಾಡ್ತದೆ. ಮತ್ತೆ ಕಳ್ಳರಿಗೆ ಹಬ್ಬ."

"ಸಾಕ್ಷಿ ಉಂಟಾ?" ಎಂದೆ, ಕನ್ನಡಿ ಹೊರಬಂದ ಮೇಲೆ.

"ಸಾಕ್ಷಿ ಇದ್ದಿದ್ರೆ ನಾನು ಈ ಮಾಳಿಗೆಯಲ್ಲಿ ಯಾಕೆ ಇರ್ತಿದ್ದೆ ಮಾರಾಯ್ರೆ?"

ಅವರು ಹಲ್ಲು ಕೀಳಲಿಲ್ಲ. ಹಲ್ಲಿನ ಬುಡಕ್ಕೆ ಕಟ್ಟಿದ ಕಿಟ್ಟ ಕೆರೆದರು, ಉಪ್ಪುನೀರು ಮುಕ್ಕಳಿಸಲು ಹೇಳಿದರು, ಎಲೆಅಡಿಕೆ ಬಿಡಿಸಿದರು. ಇನ್ನೊಬ್ಬರ ಎಂಜಲು ಬಾಯಿಗೆ ಹೋಗಕೂಡದೆಂದು ಆಣೆಯನ್ನೂ ಮಾಡಿಸಿಕೊಂಡರು. ಒಸಡು ಮೆಲ್ಲಗೆ ತಣ್ಣಗಾಯಿತು.

ಅಷ್ಟರಲ್ಲಿ ಅಳದಂಗಡಿ ಕಡೆಯ ಸಂಬಂಧವೊಂದು ಬಂತು. ನನಗೆ ಹಿರಿಯರೆಂದು ಯಾರೂ ಇರಲಿಲ್ಲ. ಡಾಕ್ಟ್ರನ್ನೇ ಕರೆದುಕೊಂಡು ಹೋದೆ. ಹುಡುಗಿಯನ್ನು ಕಂಡದ್ದೇ, ಈ ಸಂಬಂಧ ತಪ್ಪಬಾರದೆಂದು ಮನಸ್ಸು ಹಟ ಹಿಡಿಯಿತು. ಆಗ ಅವಳ ಅಜ್ಜ ಕುಟ್ಟಾಣಿ ಎಳೆದುಕೊಂಡರು. ಆ ಮನೆಯ ಕ್ರಮ ಹಾಗೆ: ಅಜ್ಜ ಎಲೆಅಡಿಕೆ ಕುಟ್ಟಿ, ಸುಣ್ಣ ಹದವಾಗಿದೆಯೇ ಎಂದು ಒಂದು ಚೂರು ನಾಲಗೆಗಿಟ್ಟು ನೋಡಿ, ಅದೇ ಬೆರಳಿನಿಂದ ಉಳಿದದ್ದನ್ನು ಉಂಡೆ ಮಾಡಿ ಕೊಡುವುದು. ಹುಡುಗ ಬಾಯಿಗೆ ಹಾಕಿದರೆ ಸಂಬಂಧ ಕುದುರಿತು. ಹಾಕದಿದ್ದರೆ ಬಸ್ಸು ಹಿಡಿಯಬಹುದು.

ಉಂಡೆ ನನ್ನ ಅಂಗೈಗೆ ಬಂತು. ಅಜ್ಜನ ತುಟಿಯಂಚಿನಲ್ಲಿ ಹೊಸ ಗುಳ್ಳೆಗಳ ಗೊಂಚಲು. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಹಲ್ಲು… ಪಾರುಮಾಡಿಯಾರೆಂದು ಡಾಕ್ಟ್ರ ಮುಖ ನೋಡಿದೆ. ಅವರಿಗೆ ಕಂಡದ್ದು ಗುಳ್ಳೆ ಮಾತ್ರ.

"ಅಜ್ಜೇರೆ, ಒಮ್ಮೆ ಬಾಯಿ ತೆರೆಯಿರಿ."

"ನೀವು ನೋಡ್ಲಿಕ್ಕೆ ಬಂದದ್ದು ಹುಡುಗಿಯನ್ನೋ, ನನ್ನ ಬಾಯನ್ನೋ?" ಎಂದರು ಅಜ್ಜ.

"ಹುಡುಗಿಯನ್ನು ಮಾಸ್ಟ್ರು ನೋಡಿಯಾಯ್ತು. ನನಗೆ ನಿಮ್ಮ ಬಾಯಿ ಸಾಕು."

ಅಜ್ಜ ದುರುಗುಟ್ಟಿ ನೋಡಿದರು. ಮತ್ತೆ ಏನನ್ನಿಸಿತೋ, ಬೆಳಕಿನತ್ತ ತಿರುಗಿ ಬಾಯಿ ತೆರೆದರು. ಉಳಿದಿದ್ದ ಹಲ್ಲುಗಳ ಬುಡ ಕೆಂಪಗೆ ಊದಿತ್ತು.

"ಮೊದಲು ಬರುವುದು ಗುಳ್ಳೆಯಾ, ಒಸಡಿನ ಬಾವಾ?"

"ಮೊದಲು ತುಟಿ. ಆಮೇಲೆ ಒಸಡು. ಪ್ರಾಯದಿಂದಲೂ ಹಾಗೇ."

ಡಾಕ್ಟ್ರು ನನ್ನ ಭುಜ ಹಿಡಿದು ಅಲುಗಿಸಿದರು. "ಕೇಳಿದ್ರಾ? ಅಗಳಿ ಮಾಸ್ಟ್ರೇ, ಅಗಳಿ…" ಅವರ ಸಂಭ್ರಮಕ್ಕೆ ನನ್ನ ಅಂಗೈಯ ಉಂಡೆ ನೆಲಕ್ಕೆ ಬಿತ್ತು.

ಎಲ್ಲರೂ ಉಂಡೆಯನ್ನೇ ನೋಡಿದರು. ನನ್ನ ಸಂಸಾರ ನೆಲ ಕಂಡಿತೆಂದುಕೊಂಡೆ. ಬಾಗಿಲ ಮರೆಯಿಂದ ಹುಡುಗಿಯ ದನಿ ಕೇಳಿತು. "ಅಜ್ಜ, ಅವರಿಗೆ ಕುಟ್ಟದ ಎಲೆಯೇ ಕೊಡಿ. ಹಲ್ಲು ಉಂಟಲ್ಲ, ಸದ್ಯಕ್ಕೆ."

ಮೊದಲು ನಕ್ಕದ್ದು ಅಜ್ಜ. ಅವರು ಕೊಟ್ಟ ಇಡೀ ಎಲೆಯನ್ನು ಜಗಿದೆ. ಎಲೆಅಡಿಕೆ ಬಿಡಿಸಿದ್ದ ಡಾಕ್ಟ್ರು ಮಾಡಿನ ಹಂಚುಗಳ ಕಡೆ ನೋಡುತ್ತಾ ಕುಳಿತರು.

ಹಲ್ಲು ಉಳಿಯಿತು. ಆ ಗುಮಾನಿಯ ಪಥ್ಯದಿಂದಲೋ, ಕಿಟ್ಟ ಕೆರೆದದ್ದರಿಂದಲೋ ಎಂದು ಅವರನ್ನೇ ಎಷ್ಟೋ ಸಲ ಕೇಳಿದ್ದೆ. "ಗೊತ್ತಿಲ್ಲ. ಏನಾದರೂ ಗೊತ್ತಾದ ದಿನ ನೀವೇ ಬಂದು ಹೇಳಿ" ಎನ್ನುತ್ತಿದ್ದರು. ಹಾಗೆನ್ನುವಾಗ ನಗುತ್ತಿರಲಿಲ್ಲ…

ಮೊನ್ನೆ ಮೊಮ್ಮಗಳ ಮಾತು ಮುಗಿಯುವಷ್ಟರಲ್ಲಿ ನಾನು ಅಂಗಿ ತೊಟ್ಟು ಚಪ್ಪಲಿ ಹುಡುಕುತ್ತಿದ್ದೆ.

"ಎಲ್ಲಿಗೆ?" ಎಂದಳು ಹೆಂಡತಿ.

"ಡಾಕ್ಟ್ರಲ್ಲಿಗೆ."

"ಹಲ್ಲು ನೋವಾ?"

ಆಗ ನೆನಪಾಯಿತು. ಆ ಮಾಳಿಗೆ ಇಲ್ಲ. ಅವರು ಹೋಗಿಯೂ ಎಷ್ಟೋ ವರ್ಷವಾಯಿತು… ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಜಗಲಿಯಲ್ಲಿ ಕುಳಿತೆ.

"ಬರೇ ಸಂಶಯ ಅಂತ ಹೇಳಿದ್ದು ಅಜ್ಜ" ಎಂದಳು ಮೊಮ್ಮಗಳು, ಗಾಬರಿಯಿಂದ.

"ಅವರಿಗೆ ಅಷ್ಟು ಸಾಕಿತ್ತು" ಎಂದೆ.