ನೀಲಿ ಗುರುತು, ಕರಿ ಕಂಬಳಿ

ಚಳ್ಳಕೆರೆಯ ನಮ್ಮ ಮನೆಗೆ ಅವತ್ತು ಬೆಳಿಗ್ಗೆ ಇಬ್ಬರು ಬಂದರು. ಒಬ್ಬ ದೊಡ್ಡಉಳ್ಳಾರ್ತಿಯ ಕುರಿಗಾರ, ಹೆಗಲ ಮೇಲೆ ಕರಿ ಕಂಬಳಿ. ಇನ್ನೊಬ್ಬಳು ಮೊಳಕಾಲ್ಮುರು ಕಡೆಯಿಂದ ಅಲ್ಲಿನ ಕಾವಲಿಗೆ, ಮೇವಿನ ಬಯಲಿಗೆ, ಮಂದೆ ಹೊಡೆದುಕೊಂಡು ಬರುವ ಹೆಂಗಸು. ಅವಳ ಮಂದೆಯಲ್ಲಿದ್ದ ಕೊಂಬು ಮುರಿದ ಬಿಳಿ ಟಗರು ತನ್ನದೆಂದು ಅವನು ಕಾವಲಿನಲ್ಲಿ ಎಲ್ಲರೆದುರು ಹೇಳಿದ್ದ. ಕಳ್ಳಿ ಅಂತಲೂ ಅಂದಿದ್ದ. ಆ ಮಾತು ನಿಂತುಬಿಟ್ಟರೆ ಅವಳ ಮಂದೆಯನ್ನು ಅಲ್ಲಿ ಇನ್ನು ಯಾರೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಟಗರನ್ನೇ ನೋಡಿ ತೀರ್ಮಾನಿಸುವಂತಿರಲಿಲ್ಲ. ಅವನು ಗುರುತಿಗೆ ಬೆನ್ನ ಮೇಲೆ ನೀಲಿ ಬಣ್ಣ ಬಳಿಯುತ್ತಾನೆ, ಅವಳು ಡಾಂಬರು. ಉಣ್ಣೆ ಕತ್ತರಿಸಿದಾಗ ಗುರುತೂ ಅದರ ಜೊತೆ ಹೋಗಿತ್ತು. ಉಳಿದದ್ದು ಒಂದು ಮೊಬೈಲ್ ವಿಡಿಯೊ: ಉಣ್ಣೆ ಕತ್ತರಿಸುವ ಮೊದಲು, ಎರಡು ಮಂದೆಗಳೂ ನೀರಿನ ಹತ್ತಿರ ಬೆರೆತ ಮುಸ್ಸಂಜೆಯಲ್ಲಿ ಅವನ ಅಳಿಯ ತೆಗೆದದ್ದು. ಟಗರು ಕಾಣುತ್ತಿತ್ತು. ಬೆನ್ನ ಮೇಲಿನ ಗುರುತು ಮಾತ್ರ ಕತ್ತಲಲ್ಲಿ ಕಲಸಿಹೋಗಿತ್ತು.

"ನೀವು ಪೇಪರ್‌ನೋರು, ಯಾರ ಕಡೀಗೂ ಹೋಗಂಗಿಲ್ಲ. ಗುರ್ತು ನೀಲಿ ಐತೆ ಅಂತ ತೋರಿಸ್ರಿ ಸಾಕು" ಎಂದ ಅವನು.

"ನೀಲಿ ಅಂತ ನೀನೇ ಹೇಳಿಕೊಟ್ರೆ ಅವರೇನು ನೋಡ್ತಾರಯ್ಯಾ?" ಎಂದಳು ಅವಳು.

ನನ್ನ ಲ್ಯಾಪ್‌ಟಾಪಿನಲ್ಲಿರುವ ವಿಡಿಯೊ ಪ್ಲೇಯರಿಗೆ ಶೇಡರ್ ಸೇರಿಸಬಹುದು. ಪರದೆಯ ಪ್ರತಿ ಚುಕ್ಕೆಯ ಬೆಳಕು, ಬಣ್ಣವನ್ನು ಲೆಕ್ಕ ಹಾಕಿ ಬದಲಿಸುವ ಪುಟ್ಟ ಪ್ರೋಗ್ರಾಂ ಅದು. ಮೂಲ ವಿಡಿಯೊ ಹಾಗೇ ಉಳಿಯುತ್ತದೆ, ನೋಟ ಮಾತ್ರ ಬದಲಾಗುತ್ತದೆ. ನನ್ನಲ್ಲಿ ಅಂಥವು ಎರಡಿದ್ದವು: ಒಂದು ಕತ್ತಲನ್ನು ಎತ್ತುವುದು, ಇನ್ನೊಂದು ಅಂಚನ್ನು ಚೂಪು ಮಾಡುವುದು. ಎರಡನ್ನೂ ಪ್ಲೇಯರಿನ ಫೋಲ್ಡರಿಗೆ ಹಾಕಿ, ಸೆಟ್ಟಿಂಗ್ಸ್ ಫೈಲಿನಲ್ಲಿ ಅವುಗಳ ಹೆಸರು ಬರೆದೆ. ಪರದೆ ಬದಲಾಗಲಿಲ್ಲ. ಫೋಲ್ಡರಿನ ದಾರಿ ತಪ್ಪಾಗಿ ಬರೆದಿದ್ದೆ. ತಿದ್ದಿದೆ.

ಮತ್ತೆ ತೆರೆದಾಗ ಸಂಜೆಗೆ ಬೆಳಕು ಬಂತು. ಟಗರಿನ ಬೆನ್ನ ಮೇಲೆ ಅಂಗೈಯಗಲ ನೀಲಿ.

"ಇನ್ನೇನು ಬೇಕು?" ಎಂದ ಅವನು. ಅವಳು ಸೆರಗನ್ನು ಬಾಯಿಗೆ ಒತ್ತಿ ಪರದೆಯನ್ನೇ ನೋಡುತ್ತಿದ್ದಳು.

ನನಗೆ ಒಂದೇ ಮೂಲದ ಸುದ್ದಿಯನ್ನು ಅಚ್ಚಿಗೆ ಕಳಿಸಿ ಅಭ್ಯಾಸವಿಲ್ಲ. ಅದೇ ಚಿತ್ರದಲ್ಲಿ ಬಣ್ಣ ಮೊದಲೇ ಗೊತ್ತಿರುವ ವಸ್ತು ಇನ್ನೊಂದು ಬೇಕಿತ್ತು. ವಿಡಿಯೊ ಸ್ವಲ್ಪ ಮುಂದೆ ಬಿಟ್ಟೆ. ನೀರಿನ ಅಂಚಿನಲ್ಲಿ ಅವನೇ ನಿಂತಿದ್ದ.

"ಇದು ಯಾರು?"

"ನಾನೇ ಅಲ್ವೇನ್ರಿ."

"ಹೆಗಲ ಮೇಲೆ?"

"ಇದೇ ಕಂಬಳಿ."

ಪರದೆಯ ಮೇಲೆ ಕಂಬಳಿ ನೀಲಿಯಾಗಿತ್ತು, ಟಗರಿನ ಗುರುತಿನಷ್ಟೇ ನೀಲಿ. ಶೇಡರ್ ನಿಲ್ಲಿಸಿದೆ. ಎರಡೂ ಕರ್ರಗಾದವು. ಹಾಕಿದೆ. ಎರಡೂ ನೀಲಿ. ಕತ್ತಲನ್ನು ಅಷ್ಟು ಎತ್ತಿದರೆ ಕರಿಯದಕ್ಕೆಲ್ಲ ಮುಸ್ಸಂಜೆಯ ನೀಲಿ ಹತ್ತುತ್ತದೆ.

ಅವನು ಹೆಗಲಿನಿಂದ ಕಂಬಳಿ ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದ. ಹುಟ್ಟಾ ಕರಿ ಉಣ್ಣೆ, ಬಣ್ಣ ಕಂಡದ್ದಲ್ಲ.

"ಯಾವಾಗ ಬಣ್ಣ ಹಾಕಿಸಿದ್ಯೋ?" ಎಂದಳು ಅವಳು.

"ಹಂಗಾರೆ ಟಗರು ಇವಳ್ದು ಅಂತ ಹೇಳ್ತೈತಾ ಇದು?" ಎಂದು ಅವನು ನನ್ನನ್ನು ಕೇಳಿದ.

"ಇಲ್ಲ. ನೀಲಿ ಅಂತ ಹೇಳೋಕೆ ಆಗಲ್ಲ, ಅಷ್ಟೇ."

"ಕರೀದು ಅಂತ ಹೇಳ್ರಿ" ಎಂದಳು ಅವಳು, ನನ್ನ ಕಡೆ ತಿರುಗಿ. ಅವಳ ದನಿ ಗಟ್ಟಿಯಾಗಿತ್ತು. "ಬಾಯಿ ತೆರೀರಿ. ನನ್ನ ಮಂದೆ ಮಾತು ಇದು."

"ಗುರುತು ಕಂಬಳಿ ಥರಾನೇ ಕಾಣ್ತೈತೆ. ಅದಕ್ಕಿಂತ ಹೆಚ್ಚಿಗೆ ನಾನು ಹೇಳಲ್ಲ."

ಅವಳಿಗೆ ಸಮಾಧಾನವಾಗಲಿಲ್ಲ. ಅವನು ಕಂಬಳಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ. "ನೀಲಿ ಅಂತ ಅಂದೋನು ನಾನು. ನೀಲಿ ನಿಲ್ಲಲಿಲ್ಲ. ಟಗರು ನಂದು ಅನ್ನಲ್ಲ, ಬಿಡವ್ವ" ಎಂದ.

"ಇಲ್ಲಿ ಬಿಟ್ರೆ? ಕಳ್ಳಿ ಅಂದಿದ್ದು ಕಾವಲಿನಾಗೆ."

ಅವನು ಎದ್ದು ಚಪ್ಪಲಿ ಮೆಟ್ಟಿದ. ಹೊಸ್ತಿಲು ದಾಟಿದವನು ಅಲ್ಲೇ ನಿಂತು ನನ್ನತ್ತ ತಿರುಗಿದ.

"ಕಾವಲಿಗೆ ಅದನ್ನೂ ತಗೊಂಡು ಬರ್ರಿ" ಎಂದು ಲ್ಯಾಪ್‌ಟಾಪ್ ತೋರಿಸಿದ. "ನಾನೊಬ್ನೇ ಹೇಳಿದ್ರೆ ಹೆದರಿ ಹೇಳ್ದ ಅಂತಾರೆ. ಕಂಬಳಿ ನೀಲಿಯಾಗೋದು ಅವರೂ ನೋಡ್ಲಿ."

ಚಾರ್ಜರ್ ಚೀಲಕ್ಕೆ ಹಾಕಿಕೊಂಡೆ. ಅವಳು ಆಗಲೇ ಬೀದಿಯಲ್ಲಿ ಆಟೊ ನಿಲ್ಲಿಸಿದ್ದಳು.